ಮುಗ್ಧ ಅನ್ನಬೇಡಿ, ಆಟ ಗೊತ್ತಿತ್ತು ಅನ್ನಿ

ಹನುಮಂತ ಲಮಾಣಿ ಗೆದ್ದರು. ಜನವರಿ 26ರ ರಾತ್ರಿ ಸುದೀಪ್ ಅವರ ಕೈ ಹಿಡಿದು ಮೇಲೆತ್ತಿದಾಗ ನಮ್ಮ ಓಣಿಯಲ್ಲಿ ಪಟಾಕಿ ಹಾರಿತು. 2023ರಲ್ಲಿ ಹಾವೇರಿಯಲ್ಲಿ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನ ನಡೆದಾಗಲೂ ನಮ್ಮ ಓಣಿಯ ಮಂದಿ ಅಷ್ಟು ಹೊತ್ತಿನ ತನಕ ಎಚ್ಚರ ಇದ್ದಿರಲಿಲ್ಲ. ಸವಣೂರು ತಾಲ್ಲೂಕಿನ ಚಿಲ್ಲೂರು ಬಡ್ನಿಯ ಹುಡುಗ, ವೈಲ್ಡ್ ಕಾರ್ಡ್‌ನಲ್ಲಿ ಒಳಗೆ ಹೋಗಿ, ಬಿಗ್ ಬಾಸ್ ಕನ್ನಡದ 11ನೇ ಸೀಸನ್ ಗೆದ್ದು, 50 ಲಕ್ಷ ರೂಪಾಯಿ ಹಿಡಿದು ಹೊರಗೆ ಬಂದರೆ ಯಾರಿಗೆ ಖುಷಿ ಆಗುವುದಿಲ್ಲ ಹೇಳಿ.

ಖುಷಿಯ ಮಾತು ಅಲ್ಲಿಗೆ ಮುಗಿಯಿತು. ಮರುದಿನ ಬೆಳಗ್ಗೆಯಿಂದ ಯಾವ ಚಾನೆಲ್ ಹಾಕಿದರೂ ಒಂದೇ ಶಬ್ದ: ಮುಗ್ಧ. ಮುಗ್ಧತೆಗೆ ಸಂದ ಜಯ, ಮುಗ್ಧ ಹಳ್ಳಿ ಹೈದ, ಮುಗ್ಧ ಕುರಿಗಾಹಿ. ನಾಲ್ಕು ತಿಂಗಳು ಆ ಆಟ ನೋಡಿದ ನಮಗೆ ಈ ಶಬ್ದ ಮಾತ್ರ ಗಂಟಲಲ್ಲಿ ಇಳಿಯಲಿಲ್ಲ.

ನಾವು ಅಂದರೆ ಮನೆಯ ನಾಲ್ಕು ಮಂದಿ: ಅವ್ವ, ನಮ್ಮ ಮನೆಯಾಕೆ, ಐದನೇ ಕ್ಲಾಸಿನ ಮಗಳು, ಮತ್ತೆ ಜಿಲ್ಲೆಯ ಸುದ್ದಿ ಕಳಿಸಿ ಹೊಟ್ಟೆ ಹೊರೆಯುವ ಈ ಬರಹದವರು. ಜೊತೆಗೆ ತಮ್ಮ ಟಿವಿ ಕೆಟ್ಟು ಎರಡು ವರ್ಷವಾದರೂ ರಿಪೇರಿ ಮಾಡಿಸದೆ, ಸಂಜೆ ಏಳಕ್ಕೆ ಸರಿಯಾಗಿ ನಮ್ಮ ಪಡಸಾಲೆಗೆ ಬಂದು ಕೂರುವ ಪಕ್ಕದ ಮನೆಯ ಆಯಿ. ಈ ಐದು ಮಂದಿಯ ಅಭಿಪ್ರಾಯ ಇಲ್ಲಿ ಕಲಸಿದೆ. ಯಾವ ಮಾತು ಯಾರದು ಅಂತ ಬಿಡಿಸಿ ಹೇಳಲು ಹೋದರೆ ಮನೆಯಲ್ಲಿ ಜಗಳ ಆಗುತ್ತದೆ.

ಮೊದಲು ಆಟದ ವಿಚಾರ. ಸೀಸನ್ ಶುರುವಾಗಿದ್ದು ಸೆಪ್ಟೆಂಬರ್ 29ಕ್ಕೆ. ಹನುಮಂತ ಒಳಗೆ ಹೋಗಿದ್ದು ಅಕ್ಟೋಬರ್ ಮೂರನೇ ವಾರ. ಅಂದರೆ ಯಾರು ಯಾರ ಜೊತೆ ಇದ್ದಾರೆ, ಯಾರು ಬೆನ್ನ ಹಿಂದೆ ಏನು ಮಾತಾಡುತ್ತಾರೆ, ಜನ ಯಾರ ಮೇಲೆ ಸಿಟ್ಟಾಗಿದ್ದಾರೆ ಅನ್ನುವುದು ಹೊರಗಿದ್ದವರಿಗೆ ಆಗಲೇ ಗೊತ್ತಿತ್ತು. ಲಾಯರ್ ಜಗದೀಶ್ ಮತ್ತು ರಂಜಿತ್ ಜಗಳ ಮಾಡಿಕೊಂಡು ಹೊರಬಿದ್ದ ಹೊತ್ತು ಅದು. ಮನೆಯಲ್ಲಿ ಎಲ್ಲರ ಗಂಟಲೂ ಬಿದ್ದುಹೋಗಿತ್ತು. ಅಂಥ ಹೊತ್ತಲ್ಲಿ ಲುಂಗಿ ಉಟ್ಟುಕೊಂಡು ಒಬ್ಬರು ಬಂದು, ಕೂಗಾಡದೆ, ಕೇಳಿದ್ದಕ್ಕೆ ಒಂದು ಸಾಲು ಉತ್ತರ ಕೊಟ್ಟು, ಬೇಸರವಾದಾಗ ಒಂದು ಹಾಡು ಹೇಳಿ, ತಮ್ಮ ಪಾಡಿಗೆ ಉಂಡು ಮಲಗಿದರು. ಇದು ಗೊತ್ತಿಲ್ಲದವರ ಕೆಲಸವೇ? ಧನರಾಜ್ ಆಚಾರ್ ಅವರಂಥ ಒಬ್ಬ ಗೆಳೆಯರನ್ನು ಹಿಡಿದುಕೊಂಡರು, ಅಷ್ಟೇ. ಗುಂಪಿಗೆ ಸೇರಲಿಲ್ಲ. ಟಾಸ್ಕ್ ಬಂದಾಗ ಮೈ ಬಗ್ಗಿಸಿದರು. ಫಿನಾಲೆಗೆ ಮೊದಲ ಟಿಕೆಟ್ ಅವರದೇ. ತ್ರಿವಿಕ್ರಮ್, ರಜತ್ ಅವರಂಥವರು ಕಣ್ಣಿಗೆ ಕಾಣುವ ಹಾಗೆ ಆಡಿದರು, ಇವರು ಕಾಣದ ಹಾಗೆ ಆಡಿದರು. ನಮ್ಮವ್ವ ನವೆಂಬರ್‌ನಲ್ಲೇ ಹೇಳಿದ್ದಳು, “ಈ ಹುಡುಗ ಸುಮ್ಮ ಕುಂತಾನ ಅಂತ ತಿಳಿಬ್ಯಾಡ್ರಿ, ಎಲ್ಲಾ ಎಣಿಸ್ಕೋತ ಕುಂತಾನ.”

ಕ್ಯಾಮೆರಾ ಕೂಡ ಅವರಿಗೆ ಹೊಸದಲ್ಲ. 2019ರಲ್ಲೇ ಸರಿಗಮಪ 15ನೇ ಸೀಸನ್‌ನಲ್ಲಿ ರನ್ನರ್ ಅಪ್ ಆದವರು. ಆಗಿನಿಂದ ಎಷ್ಟು ಸ್ಟೇಜು, ಎಷ್ಟು ಜಾತ್ರೆ, ಎಷ್ಟು ಮೈಕು ನೋಡಿರಬಹುದು. ಆರು ವರ್ಷ ದೀಪದ ಬೆಳಕಿನಲ್ಲಿ ನಿಂತವರನ್ನು ನಿನ್ನೆ ತಾನೆ ಕುರಿಹಟ್ಟಿಯಿಂದ ಎದ್ದು ಬಂದವರ ಹಾಗೆ ತೋರಿಸಲು ಎಡಿಟಿಂಗ್ ಟೇಬಲ್ ಮೇಲೆ ತುಂಬಾ ಕೆಲಸ ಮಾಡಬೇಕಾಗುತ್ತದೆ.

ಇನ್ನು ಕುರಿ ಕಾಯುವುದು. ಇದನ್ನು ಮುಗ್ಧರ ಕಸುಬು ಅಂತ ಯಾರು ಹೇಳಿದರೋ. ಕುರಿಗಾರರ ಜೊತೆ ಅರ್ಧ ದಿನ ಅಡ್ಡಾಡಿ ನೋಡಿ. ನೂರು ಕುರಿಯನ್ನು ಮುಖದಿಂದ ಗುರುತಿಸುತ್ತಾರೆ. ಯಾವುದು ಯಾವ ಅಮಾವಾಸ್ಯೆಯ ಹಿಂದೆಮುಂದೆ ಈದಿತ್ತು ಅಂತ ನೆನಪಿಟ್ಟಿರುತ್ತಾರೆ. ಯಾವ ಹೊಲಕ್ಕೆ ಔಷಧ ಹೊಡೆದಿದ್ದಾರೆ, ಎಲ್ಲಿ ಕುರಿ ಬಾಯಿ ಹಾಕಬಾರದು ಅನ್ನುವುದು ದೂರದಿಂದಲೇ ಗೊತ್ತಾಗುತ್ತದೆ. ಗೊಬ್ಬರಕ್ಕಾಗಿ ರಾತ್ರಿ ಹೊಲದಲ್ಲಿ ಹಿಂಡು ನಿಲ್ಲಿಸಲು ಹೊಲದವರ ಜೊತೆ ಮಾತಾಡುವ ರೇಟು ಇದೆಯಲ್ಲ, ಅಲ್ಲಿ ನಮ್ಮಂಥ ಡಿಪ್ಲೊಮಾದವರು ಹತ್ತು ನಿಮಿಷ ನಿಲ್ಲಲಾರೆವು. ಸಂತೆಯಲ್ಲಿ ಟಗರಿನ ಬೆನ್ನಿನ ಮೇಲೆ ಒಂದು ಸಲ ಕೈ ಆಡಿಸಿ ಮಾಂಸ ಎಷ್ಟು ಕೆಜಿ ಅಂತ ಹೇಳುವವರು ಅವರು. ಅಂಥ ಬದುಕಿನಿಂದ ಬಂದವರು ಒಂದು ಮನೆಯಲ್ಲಿ ಹದಿನೈದು ಮಂದಿಯನ್ನು ಅಳೆಯಲಾರರೇ?

ನಮ್ಮ ಜಿಲ್ಲೆಯವೇ ಆದ ಎರಡು ಊರುಗಳ ಹೆಸರು ಹೇಳುತ್ತೇವೆ. ಕನಕದಾಸರ ಬಾಡ, ಶರೀಫ ಸಾಹೇಬರ ಶಿಶುವಿನಹಾಳ. ಶರೀಫರ ಪದ ಕೇಳಿದವರಿಗೆ ಗೊತ್ತು, ಈ ಕಡೆಯ ಹಳ್ಳಿ ಮಾತು ಮೇಲೆ ಕಂಡಷ್ಟು ಸರಳ ಅಲ್ಲ. ಒಳಗೆ ಇನ್ನೊಂದು ಕೋಣೆ ಇರುತ್ತದೆ.

ಇನ್ನೊಂದು ಸಣ್ಣ ವಿಷಯ, ಆದರೆ ನಮಗೆ ಸಣ್ಣದಲ್ಲ. ಸುದ್ದಿಗಳಲ್ಲಿ ಉಳಿದವರೆಲ್ಲ ‘ಹೇಳಿದ್ದಾರೆ’, ‘ಬಂದಿದ್ದಾರೆ’. ಹನುಮಂತ ಮಾತ್ರ ಬಹಳ ಕಡೆ ‘ಬಂದ’, ‘ಹಾಡಿದ’, ‘ಗೆದ್ದ’. ನಮ್ಮವ್ವ ಹಾಗೆ ಅಂದರೆ ಅದು ಮಗನಿಗೆ ಅಂದಂತೆ. ಸ್ಟುಡಿಯೋದಲ್ಲಿ ಕೋಟು ಹಾಕಿಕೊಂಡು ಕೂತ ಆ್ಯಂಕರ್ ಅಂದರೆ ಬೇರೆ. ಪ್ರೀತಿಯಿಂದಲೇ ಅಂದಿರಬಹುದು. ಅದೇ ಪ್ರೀತಿ ರನ್ನರ್ ಅಪ್ ಮೇಲೆ ಯಾಕೆ ಬರಲಿಲ್ಲ ಅಂತ ನಾವು ಕೇಳುತ್ತೇವೆ. ಅವರ ಮನೆಮಾತು ಲಂಬಾಣಿ. ಅಂದರೆ ನಾವು ನಕ್ಕ ಆ ಕನ್ನಡ ಅವರಿಗೆ ಎರಡನೇ ಭಾಷೆ. ಎರಡನೇ ಭಾಷೆಯಲ್ಲಿ ಇಡೀ ರಾಜ್ಯವನ್ನು ನಗಿಸಿದವರಿಗೆ ಬಹುವಚನ ಕೊಡಬಾರದೇ?

ಇದೇ ಸೀಸನ್‌ನ ಶುರುವಿನಲ್ಲಿ ಸ್ವರ್ಗ, ನರಕ ಅಂತ ಮನೆಯನ್ನು ಎರಡು ಭಾಗ ಮಾಡಿದ್ದರು, ನೆನಪಿದೆಯೇ? ಸ್ವರ್ಗದವರಿಗೆ ಎಲ್ಲ ಸವಲತ್ತು. ನರಕದವರಿಗೆ ಗಂಜಿ. ರಾಜ್ಯ ಮಹಿಳಾ ಆಯೋಗ ಅದರ ಬಗ್ಗೆ ತಕರಾರು ಎತ್ತಿತು, ಆಮೇಲೆ ಆ ನರಕವನ್ನೇ ಕೆಡವಿದರು. ಆಯೋಗದ ಆಕ್ಷೇಪ ಬೇರೆ ಇತ್ತು, ಅದು ಸರಿಯೇ. ನಮ್ಮ ಪಡಸಾಲೆಯ ಆಕ್ಷೇಪ ಇನ್ನೊಂದು. ಆಯಿ ಕೇಳಿದಳು, “ಗಂಜಿ ಕುಡಿಯೂದು ನರಕ ಅಂತ ಇವ್ರಿಗೆ ಯಾರ್ ಹೇಳ್ಯಾರ? ನಾ ಎಪ್ಪತ್ತು ವರ್ಷ ನರಕದಾಗ ಇದ್ದೇನೇನ ಹಂಗಾರ?” ಅವತ್ತು ಮನೆಯಲ್ಲಿ ಎಲ್ಲರೂ ನಕ್ಕೆವು. ಆಯಿ ನಗಲಿಲ್ಲ.

ಧಾರಾವಾಹಿಗಳಿಗೆ ಬರೋಣ, ಯಾಕೆಂದರೆ ಬಿಗ್ ಬಾಸ್ ವರ್ಷಕ್ಕೆ ನಾಲ್ಕು ತಿಂಗಳು, ಧಾರಾವಾಹಿ ವರ್ಷವಿಡೀ. ಹಳ್ಳಿ ಅಂದರೆ ಮುಗ್ಧತೆ ಅನ್ನುವ ಲೆಕ್ಕ ಕುದುರುವುದು ಅಲ್ಲಿಯೇ.

ಈಗ ಸಂಜೆ ನೋಡಿದರೆ ಹಳ್ಳಿಯ ಕಥೆಗಳಿಗೆ ಬರ ಇಲ್ಲ. ಜೀ ಕನ್ನಡದ ‘ಅಣ್ಣಯ್ಯ’ ತೆಗೆದುಕೊಳ್ಳಿ. ತಮಿಳಿನ ‘ಅಣ್ಣಾ’ದಿಂದ ಬಂದಿದ್ದು. ನಾಲ್ವರು ತಂಗಿಯರನ್ನು ಸಾಕುವ ಶಿವು, ಡಾಕ್ಟರ್ ಓದಿದ ಪಾರು. ನಮ್ಮ ಮನೆಯಲ್ಲಿ ಇದನ್ನು ತಪ್ಪಿಸುವುದಿಲ್ಲ. ವಿಕಾಶ್ ಉತ್ತಯ್ಯ, ನಿಶಾ ರವಿಕೃಷ್ಣನ್ ಇಬ್ಬರೂ ಚೆನ್ನಾಗಿ ಮಾಡುತ್ತಾರೆ, ತಂಗಿಯರ ಕೀಟಲೆ ಮನೆಯ ಹಾಗೇ ಇರುತ್ತದೆ. ಆದರೆ ಶಿವುಗೆ ಅಂಗಡಿ ಇದೆ. ಹಳ್ಳಿಯಲ್ಲಿ ಕಿರಾಣಿ ಅಂಗಡಿ ಇಟ್ಟವರ ಅರ್ಧ ಬದುಕು ಉದ್ರಿ ಪುಸ್ತಕ. ಸುಗ್ಗಿಗೆ ಕೊಡ್ತೀನಿ ಅಂದವರು, ಸುಗ್ಗಿ ಕೈಕೊಟ್ಟ ಮೇಲೆ ಆ ದಾರಿ ಬಿಟ್ಟು ಬೇರೆ ದಾರಿಯಲ್ಲಿ ಹೋಗುವವರು, ಹೋಲ್‌ಸೇಲ್‌ನವರು ಬಾಗಿಲಿಗೆ ಬಂದು ನಿಂತಿದ್ದು. ಎಂಥ ಕಥೆಗಳು ಅದರಲ್ಲಿ! ನಾವು ನೋಡಿದ ಕಂತುಗಳಲ್ಲಿ ಶಿವು ಕಣ್ಣೀರು ಲೆಕ್ಕ ಹಾಕುತ್ತಾನೆ, ಉದ್ರಿ ಲೆಕ್ಕ ಹಾಕಿದ್ದು ಕಾಣಲಿಲ್ಲ. ಒಳ್ಳೆಯವನಾಗಲು ಪೆದ್ದನೂ ಆಗಬೇಕು ಅನ್ನುವ ಹಾಗೆ ಅವನನ್ನು ಬರೆಯುತ್ತಾರೆ.

‘ಪುಟ್ಟಕ್ಕನ ಮಕ್ಕಳು’ ಈ ಮಟ್ಟಿಗೆ ಒಂದು ಕೈ ಮೇಲು. ಡಿಸೆಂಬರ್ 2021ರಲ್ಲಿ ಶುರುವಾದಾಗ ನಾವು ಅದನ್ನು ನೋಡಲು ಕೂತಿದ್ದೇ ಉಮಾಶ್ರೀ ಅವರಿಗಾಗಿ. ಗಂಡುಮಗು ಹೆರಲಿಲ್ಲ ಅಂತ ಗಂಡ ಬಿಟ್ಟುಹೋದ ಹೆಂಗಸು ಮೆಸ್ ನಡೆಸಿ ಮೂರು ಹೆಣ್ಣುಮಕ್ಕಳನ್ನು ಓದಿಸುತ್ತಾಳೆ. ಮೆಸ್ ನಡೆಸುವವಳಿಗೆ ಅಕ್ಕಿಯ ರೇಟು ಗೊತ್ತಿರುತ್ತದೆ, ಬಡ್ಡಿ ಗೊತ್ತಿರುತ್ತದೆ. ಉಮಾಶ್ರೀ ದುಡ್ಡು ಎಣಿಸುವಾಗ ನಿಜವಾಗಿ ಎಣಿಸುತ್ತಾರೆ, ನೋಡಿದ್ದೀರಾ? ನೋಟಿನ ಮೇಲೆ ಕಣ್ಣು ಇರುತ್ತದೆ. ರಂಗಭೂಮಿಯಿಂದ ಬಂದವರ ಕೈ ಅದು.

ಅದೇ ಧಾರಾವಾಹಿಯಲ್ಲಿ ಎರಡನೇ ಮಗಳು ಸ್ನೇಹಾ ಡಿಸಿ ಆದಳು. ಹಳ್ಳಿಯ ಹುಡುಗಿ ಜಿಲ್ಲಾಧಿಕಾರಿ ಆಗುವ ಕಥೆ ಎಷ್ಟು ಹೆಣ್ಣುಮಕ್ಕಳಿಗೆ ಆಸೆ ಹುಟ್ಟಿಸಿತೋ, ಅದಕ್ಕೆ ನಮ್ಮ ನಮಸ್ಕಾರ. ಆದರೆ ಡಿಸಿ ಕಚೇರಿಯ ಕಟ್ಟೆಯ ಮೇಲೆ ವಾರಕ್ಕೆ ಮೂರು ದಿನ ಕೂರುವವರಿಗೆ ಆ ಕಂತುಗಳನ್ನು ನೋಡುವುದು ಕಷ್ಟವಾಯಿತು. ಐಎಎಸ್ ಪಾಸಾದವರು ಮಸ್ಸೂರಿಗೆ ತರಬೇತಿಗೆ ಹೋಗಬೇಕು, ಜಿಲ್ಲೆಯಲ್ಲಿ ಪ್ರೊಬೇಷನ್ ಮಾಡಬೇಕು, ಅಸಿಸ್ಟೆಂಟ್ ಕಮಿಷನರ್, ಜಿಲ್ಲಾ ಪಂಚಾಯಿತಿ ಸಿಇಒ ಅಂತ ಮೆಟ್ಟಿಲು ಹತ್ತಬೇಕು. ಡಿಸಿ ಕುರ್ಚಿಗೆ ಬರಲು ವರ್ಷಗಳು ಬೇಕು, ಅದೂ ಸಾಮಾನ್ಯವಾಗಿ ಹುಟ್ಟೂರಿನ ಜಿಲ್ಲೆಯಲ್ಲಿ ಅಲ್ಲ. ಇರಲಿ, ಕಥೆಗೆ ಅಷ್ಟು ರಿಯಾಯಿತಿ ಕೊಡೋಣ. ಕುರ್ಚಿಯಲ್ಲಿ ಕೂತ ಮೇಲಾದರೂ ಒಂದು ಪೋಡಿ ಪ್ರಕರಣ, ಒಂದು ಬೆಳೆಹಾನಿ ಸಮೀಕ್ಷೆ, ಒಂದು ಕೆಡಿಪಿ ಸಭೆಯಲ್ಲಿ ಶಾಸಕರ ಕೂಗಾಟ ಇರಬಾರದೇ? ನಮಗೆ ಕಂಡಿದ್ದು ಹೆಚ್ಚಾಗಿ ಮನೆಯ ಜಗಳವನ್ನು ಸರ್ಕಾರಿ ಕಾರಿನಲ್ಲಿ ಹೋಗಿ ಬಗೆಹರಿಸಿದ್ದು. ಕೊನೆಗೆ 2024ರ ನವೆಂಬರ್‌ನಲ್ಲಿ ಆ ಸ್ನೇಹಾಳನ್ನೇ ಸಾಯಿಸಿಬಿಟ್ಟರು. ಆಯಿ ಎರಡು ದಿನ ನಮ್ಮ ಮನೆಗೆ ಬರಲಿಲ್ಲ. ನಟಿ ಹೊರಗೆ ಹೋದರೆ ಪಾತ್ರ ಸಾಯಬೇಕು, ಸರಿ. ಆದರೆ ಅಷ್ಟು ಕಷ್ಟಪಟ್ಟು ಓದಿದ ಹುಡುಗಿಯನ್ನು ಬೇರೆ ಜಿಲ್ಲೆಗೆ ವರ್ಗಾ ಮಾಡಿದ್ದರೂ ನಡೆಯುತ್ತಿತ್ತಲ್ಲ! ನಿಜವಾದ ಡಿಸಿಗಳನ್ನು ಅದಕ್ಕಿಂತ ಸಣ್ಣ ಕಾರಣಕ್ಕೆ ವರ್ಗಾ ಮಾಡುತ್ತಾರೆ.

ನಾವು ಒಂದು ಆಟ ಆಡುತ್ತೇವೆ. ಧಾರಾವಾಹಿಯ ಹಳ್ಳಿಯಲ್ಲಿ ಏನೇನು ಇಲ್ಲ ಅಂತ ಮಗಳು ಎಣಿಸುತ್ತಾಳೆ. ಕೆಂಪು ಬಸ್ಸಿನಲ್ಲಿ ಆಧಾರ್ ಕಾರ್ಡ್ ತೋರಿಸಿ ಪುಕ್ಕಟೆ ಟಿಕೆಟ್ ತೆಗೆದುಕೊಂಡ ಹೆಂಗಸು ಇಲ್ಲ. ಶಕ್ತಿ ಯೋಜನೆ ಬಂದಿದ್ದು ಜೂನ್ 2023ರಲ್ಲಿ. ಗೃಹಲಕ್ಷ್ಮಿಯ ಎರಡು ಸಾವಿರ ಈ ತಿಂಗಳು ಯಾಕೆ ಬಂದಿಲ್ಲ ಅಂತ ಬ್ಯಾಂಕಿನ ಮುಂದೆ ನಿಂತ ಅತ್ತೆ ಇಲ್ಲ. ಆ ದುಡ್ಡು ಅತ್ತೆಗೋ ಸೊಸೆಗೋ ಅಂತ ನಮ್ಮ ಊರುಗಳಲ್ಲಿ ನಿಜವಾದ ಜಗಳಗಳು ಆದವು. ಅತ್ತೆ ಸೊಸೆ ಜಗಳದ ಮೇಲೇ ನಡೆಯುವ ಧಾರಾವಾಹಿಗಳ ಕಣ್ಣಿಗೆ ಅದೇ ಬೀಳಲಿಲ್ಲ. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಅಂತ ಸರ್ಕಾರವೇ ಹೇಳಿತು. ಧಾರಾವಾಹಿಯ ತೋಟಕ್ಕೆ ಮಾತ್ರ ನೀರು ಕಡಿಮೆ ಆಗಲಿಲ್ಲ. 2024ರ ಮಾರ್ಚ್ 11ಕ್ಕೆ ಬ್ಯಾಡಗಿ ಮಾರುಕಟ್ಟೆಯಲ್ಲಿ ಮೆಣಸಿನಕಾಯಿ ರೇಟು ಬಿದ್ದು, ರೈತರು ಸಿಟ್ಟಿಗೆದ್ದು ಎಪಿಎಂಸಿ ಕಚೇರಿಗೆ ನುಗ್ಗಿ ವಾಹನಗಳಿಗೆ ಬೆಂಕಿ ಹಚ್ಚಿದರು. ಅವತ್ತು ರಾತ್ರಿ ಸುದ್ದಿ ಕಳಿಸಿ, ಕಣ್ಣಲ್ಲಿ ಇನ್ನೂ ಉರಿ ಇಟ್ಟುಕೊಂಡು ಮನೆಗೆ ಬಂದರೆ ಟಿವಿಯಲ್ಲಿ ಒಬ್ಬಳು ಇನ್ನೊಬ್ಬಳ ಪಾಯಸಕ್ಕೆ ಏನೋ ಬೆರೆಸುತ್ತಿದ್ದಳು.

ಕಥೆ ಅಂದರೆ ಸುದ್ದಿಯಲ್ಲ, ನಮಗೂ ಗೊತ್ತು. ದಿನವಿಡೀ ಮೈಮುರಿದು ಬಂದವರು ಅರ್ಧ ತಾಸು ಬೇರೆಯವರ ಸಂಸಾರ ನೋಡಿ ಹಗುರಾಗುತ್ತಾರೆ. ಅವ್ವನಿಗೆ ಬರದ ಪಾಠ ಟಿವಿಯಿಂದ ಬೇಕಿಲ್ಲ. ನಮ್ಮ ತಕರಾರು ಇಷ್ಟೇ, ಹಳ್ಳಿಯವರು ಲೆಕ್ಕ ಹಾಕುವುದನ್ನು, ಯೋಚನೆ ಮಾಡುವುದನ್ನು ಯಾಕೆ ತೋರಿಸುವುದಿಲ್ಲ? ಹಿಂದೆ ತೋರಿಸಿದ್ದಾರೆ. ಭೈರಪ್ಪನವರ ‘ಗೃಹಭಂಗ’ವನ್ನು ಗಿರೀಶ ಕಾಸರವಳ್ಳಿ ಈಟಿವಿಗೆ ಧಾರಾವಾಹಿ ಮಾಡಿದಾಗ, ಗಂಡ ಮಾಡಬೇಕಾದ ಶಾನುಭೋಗಿಕೆಯ ಲೆಕ್ಕವನ್ನು ನಂಜಮ್ಮ ಕೂತು ಬರೆಯುತ್ತಿದ್ದಳು. ಮಾಳವಿಕಾ ಮಾಡಿದ ಪಾತ್ರ. ಅವ್ವ ಈಗಲೂ ಅದನ್ನು ನೆನೆಸುತ್ತಾಳೆ. ಪ್ಲೇಗು, ಹಸಿವು ಎಲ್ಲ ಇತ್ತು ಅದರಲ್ಲಿ. ಯಾರೂ ಚಾನೆಲ್ ಬದಲಿಸಲಿಲ್ಲ.

ಲೆಕ್ಕದ ಮಾತು ಬಂದಾಗ ಕಲರ್ಸ್ ಕನ್ನಡದ ‘ಭಾಗ್ಯಲಕ್ಷ್ಮಿ’ಗೆ ಒಂದು ಚಪ್ಪಾಳೆ ಕೊಡಲೇಬೇಕು. ಇದು ಊರಿನ ಕಥೆಯಲ್ಲ, ಬೆಂಗಳೂರಿನ ಮನೆ. ಆದರೆ ಭಾಗ್ಯ ಮಗಳ ಜೊತೆ ಶಾಲೆಗೆ ಹೋಗಿ ಎಸ್ಸೆಸ್ಸೆಲ್ಸಿಗೆ ಕೂತಳು. ಗಂಡ ತಾಂಡವ್ ಬೇರೆಯವಳ ಹಿಂದೆ ಹೋದ ಮೇಲೆ ಅಡುಗೆ ಕೆಲಸ ಹಿಡಿದಳು, ಮನೆಯ ಕಂತು ಕಟ್ಟಬೇಕಾಯಿತು. ಅತ್ತೆ ಕುಸುಮಾ ಮಗನನ್ನು ಬಿಟ್ಟು ಸೊಸೆಯ ಕಡೆ ನಿಂತಳು. ಇಎಂಐ ಕಟ್ಟುವ ತಾರೀಖಿನ ಮೇಲೆ ಎದೆ ಡವಗುಟ್ಟುವ ಧಾರಾವಾಹಿ ನಮಗೆ ತಿಳಿದ ಮಟ್ಟಿಗೆ ಇದೊಂದೇ. ನಮ್ಮ ಮನೆಯಾಕೆ ಸ್ವಸಹಾಯ ಸಂಘದ ಸಾಲದ ಕಂತಿನ ಹಿಂದಿನ ದಿನ ಅದನ್ನು ನೋಡುವುದಿಲ್ಲ, ಆವತ್ತು ‘ನಮ್ಮದೇ ಸಾಕು’ ಅನ್ನುತ್ತಾಳೆ.

‘ಅಮೃತಧಾರೆ’ ನಮ್ಮೆಲ್ಲರಿಗೂ ಇಷ್ಟ. ಹಿಂದಿಯ ‘ಬಡೇ ಅಚ್ಛೇ ಲಗತೇ ಹೈ’ ಕನ್ನಡಕ್ಕೆ ಬಂದಿದ್ದು. ವಯಸ್ಸು ಮೀರಿ ಮದುವೆಯಾದ ಇಬ್ಬರು. ರಾಜೇಶ್ ನಟರಂಗ, ಛಾಯಾ ಸಿಂಗ್ ಕಿರುಚದೆ ಮಾತಾಡುತ್ತಾರೆ. ಅಷ್ಟು ಸಾಕು.

‘ಲಕ್ಷ್ಮೀ ನಿವಾಸ’ದ ಬಗ್ಗೆ ಮನೆಯಲ್ಲಿ ಎರಡು ಪಕ್ಷ. ಸ್ವಂತ ಮನೆ ಕಟ್ಟಬೇಕೆಂಬ ವಯಸ್ಸಾದ ಗಂಡಹೆಂಡಿರ ಆಸೆಯಿಂದ ಶುರುವಾದ ಕಥೆ 2025ರ ಆರಂಭದಲ್ಲಿ ಒಂದು ತಾಸು ಓಡುತ್ತಿತ್ತು. ಆ ತಾಸಿನಲ್ಲಿ ಜನ ಕಾಯುತ್ತಿದ್ದುದು ಜಯಂತನಿಗಾಗಿ. ಹೆಂಡತಿಯನ್ನು ‘ಚಿನ್ನುಮರಿ’ ಅಂತ ಕರೆಯುತ್ತಾ, ಮನೆಯಲ್ಲೆಲ್ಲ ಕ್ಯಾಮೆರಾ ಇಟ್ಟು ಅವಳನ್ನು ಕಾಯುವ ಗಂಡ. ದೀಪಕ್ ಸುಬ್ರಮಣ್ಯ ಚೆನ್ನಾಗಿ ನಟಿಸುತ್ತಾರೆ, ಅದೇ ತೊಂದರೆ. ನಮ್ಮೂರಿನ ಹುಡುಗರು ‘ಚಿನ್ನುಮರಿ’ ಅಂತ ತಮಾಷೆ ಮಾಡಿಕೊಂಡು ತಿರುಗುತ್ತಾರೆ. ಹೆಂಡತಿಯ ಫೋನು ಕಸಿದುಕೊಂಡು, ಯಾರ ಜೊತೆ ಮಾತಾಡಿದೆ ಅಂತ ದಿನಾ ಲೆಕ್ಕ ಕೇಳಿ, ಕೊನೆಗೆ ಕೊಡಲಿ ಎತ್ತಿದವರ ಸುದ್ದಿಯನ್ನು ಅಪರಾಧ ಕಾಲಮ್ಮಿಗೆ ನಾಲ್ಕು ಸಾಲಿನಲ್ಲಿ ಕಳಿಸುವ ನಮಗೆ ನಗು ಬರುವುದಿಲ್ಲ. ಮನೆಯಾಕೆ ಒಪ್ಪುವುದಿಲ್ಲ. ಆಕೆ ಅನ್ನುವುದು, “ಹಿಂಗ ಇರೂ ಗಂಡಂದಿರಿಗೆ ಹೆಸರಾ ಇರಲಿಲ್ಲ, ಈಗ ಜಯಂತ ಅಂತ ಹೆಸರ್ ಬಂತಲ್ಲ. ಅವ ಜಯಂತ ಇದ್ದಾನ ಅಂತ ಒಂದ ಮಾತಿನಾಗ ಹೇಳಬಹುದು.” ಇದಕ್ಕೆ ನಮ್ಮ ಬಳಿ ಉತ್ತರ ಇಲ್ಲ.

ಇಷ್ಟೆಲ್ಲ ಹಳ್ಳಿ ಕಥೆ ಯಾಕೆ ಬರುತ್ತಿದೆ ಅಂದರೆ ಅದಕ್ಕೂ ಒಂದು ಲೆಕ್ಕ ಇದೆ. ಮೊದಲು ಟಿಆರ್‌ಪಿ ಅಳೆಯುತ್ತಿದ್ದ ಟ್ಯಾಮ್ ವ್ಯವಸ್ಥೆಯಲ್ಲಿ ಹಳ್ಳಿಗಳೇ ಇರಲಿಲ್ಲ. ಬಾರ್ಕ್ ಬಂದ ಮೇಲೆ, ಅಕ್ಟೋಬರ್ 2015ರಿಂದ, ಹಳ್ಳಿಯ ಮನೆಗಳನ್ನೂ ಲೆಕ್ಕಕ್ಕೆ ಹಿಡಿದರು. ದೇಶದಲ್ಲಿ 55,000ಕ್ಕೂ ಹೆಚ್ಚು ಮನೆಗಳಲ್ಲಿ ಮೀಟರ್ ಇದೆ. ಕಾರ್ಯಕ್ರಮದ ಶಬ್ದದೊಳಗೆ ನಮ್ಮ ಕಿವಿಗೆ ಕೇಳಿಸದ ಒಂದು ಗುರುತು ಇರುತ್ತದೆ, ಮೀಟರ್ ಅದನ್ನು ಹಿಡಿದು ಯಾವ ಚಾನೆಲ್ ಓಡುತ್ತಿದೆ ಅಂತ ಬರೆದುಕೊಳ್ಳುತ್ತದೆ. ಗುರುವಾರ ಅಂಕ ಹೊರಬೀಳುತ್ತದೆ. ಹೀಗೆ ಹತ್ತು ವರ್ಷದಿಂದ ನಾವೂ ಎಣಿಕೆಯಲ್ಲಿ ಇದ್ದೇವೆ. ಎಣಿಸುತ್ತಾರೆ ಅಂದ ಮೇಲೆ ನಮ್ಮ ಹಾಗೆ ಕಾಣುವವರನ್ನು ತೋರಿಸಬೇಕಾಯಿತು. ಲಂಗ ದಾವಣಿ, ಮಾರಿಗುಡಿ, ಎತ್ತಿನಗಾಡಿ ಬಂದವು. ಮಾತು ಮಾತ್ರ ಮಂಡ್ಯ ಮೈಸೂರು ಕಡೆಯದು ದಾಟಿ ಬರಲಿಲ್ಲ. ತುಂಗಭದ್ರೆಯ ಈಚೆಯ ಕನ್ನಡ ಬೇಕಾದರೆ ಕಾಮಿಡಿ ಶೋಗೆ ಹೋಗಬೇಕು. ‘ಗಿಚ್ಚಿ ಗಿಲಿಗಿಲಿ’ಯಲ್ಲಿ ನಮ್ಮ ಕಡೆಯವರು ಎಷ್ಟು ನಗಿಸಿದರು! ಹಾಗಂತ ನಾವು ಅಳುವಾಗ, ಪ್ರೀತಿಸುವಾಗ, ಕೋರ್ಟಿನಲ್ಲಿ ಸಾಕ್ಷಿ ಹೇಳುವಾಗ ಬೇರೆ ಕನ್ನಡ ಮಾತಾಡುತ್ತೇವೆಯೇ?

ಹನುಮಂತ ಅವರಿಗೆ 5 ಕೋಟಿಗೂ ಹೆಚ್ಚು ಮತ ಬಂತು ಅಂತ ಫಿನಾಲೆಯಲ್ಲಿ ಹೇಳಿದರು. ಆ್ಯಪ್‌ನಲ್ಲಿ ಒಬ್ಬರೇ ಹಲವು ಮತ ಹಾಕಬಹುದಿತ್ತು, ಹಾಗಾಗಿ 5 ಕೋಟಿ ಮಂದಿ ಅಂತ ಅಲ್ಲ. 2011ರ ಜನಗಣತಿಯಲ್ಲಿ ಇಡೀ ರಾಜ್ಯವೇ 6.11 ಕೋಟಿ ಇತ್ತು. ಆದರೂ ಬೆರಳು ಒತ್ತಿದವರು ಒತ್ತಿದರು. ನಮ್ಮ ಓಣಿಯ ಹುಡುಗರು ಕೆಲಸ ಬಿಟ್ಟು ಒತ್ತಿದರು. ಅವರ ಮಾತಿನಲ್ಲಿ ತಮ್ಮ ಮಾತು ಕೇಳಿಸಿದ್ದಕ್ಕೆ ಒತ್ತಿದರು ಅಂತ ನಮ್ಮ ಅಂದಾಜು.

ಈ ಸಂಭ್ರಮದ ನಡುವೆ ನಮಗೆ ಇನ್ನೊಬ್ಬರ ನೆನಪಾಗುತ್ತದೆ, ಅದು ಒಳ್ಳೆಯ ನೆನಪಲ್ಲ. ಸುವರ್ಣ ವಾಹಿನಿಯಲ್ಲಿ ‘ಹಳ್ಳಿ ಹೈದ ಪ್ಯಾಟೇಗ್ ಬಂದ’ ಅಂತ ಒಂದು ಶೋ ಇತ್ತು. ಎಚ್.ಡಿ. ಕೋಟೆಯ ಕಾಡಿನ ಹಾಡಿಯಿಂದ ಬಂದ ರಾಜೇಶ್ ಅದನ್ನು ಗೆದ್ದರು. ನಾವು ಆಗ ಪತ್ರಿಕೋದ್ಯಮ ಕಲಿಯುತ್ತಿದ್ದ ಹೊಸತು. ಹಾಸ್ಟೆಲಿನಲ್ಲಿ ಒಂದೇ ಟಿವಿ, ಜಾಗ ಹಿಡಿಯಲು ಊಟ ಬಿಟ್ಟು ಓಡುತ್ತಿದ್ದೆವು. ಆಗಲೂ ಇದೇ ಶಬ್ದ ಇತ್ತು, ಮುಗ್ಧ. ರಾಜೇಶ್ ಅವರ ಗಾಬರಿಯನ್ನು ನಗೆ ಮಾಡಿ ತೋರಿಸಿದರು, ನಾವು ನಕ್ಕೆವು, ರಾಜ್ಯವೇ ನಕ್ಕಿತು. ಆಮೇಲೆ ‘ಜಂಗಲ್ ಜಾಕಿ’ ಅಂತ ಸಿನಿಮಾದಲ್ಲಿ ಹೀರೊ ಆದರು. ನವೆಂಬರ್ 2013ರಲ್ಲಿ ಮೈಸೂರಿನಲ್ಲಿ ಕಟ್ಟಡದ ಮೇಲಿಂದ ಬಿದ್ದು ತೀರಿಕೊಂಡರು. ಹಾಡಿಗೂ ವಾಪಸು ಹೊಂದಿಕೊಳ್ಳಲಾಗದೆ, ಪೇಟೆಗೂ ಹೊಂದಲಾಗದೆ ಇದ್ದ ಆ ನಡುವಿನ ದಿನಗಳಲ್ಲಿ ಯಾವ ಕ್ಯಾಮೆರಾವೂ ಅವರ ಜೊತೆ ಇರಲಿಲ್ಲ. ಅವರು ಸತ್ತ ದಿನ ಎಲ್ಲ ಕ್ಯಾಮೆರಾ ಬಂದವು.

ಹನುಮಂತ ಅವರ ದಾರಿ ಬೇರೆ. ಅವರಿಗೆ ಹಾಡು ಇದೆ, ಹಿಂದೆ ಊರು ಇದೆ, ಆರು ವರ್ಷದ ಅನುಭವ ಇದೆ. ಅವರ ಬಗ್ಗೆ ನಮಗೆ ಹೆದರಿಕೆ ಇಲ್ಲ. ಹೆದರಿಕೆ ಇರುವುದು ಆ ಶಬ್ದದ ಬಗ್ಗೆ. ಮುಗ್ಧ ಅಂತ ಒಬ್ಬರನ್ನು ಎತ್ತಿದವರು, ಆ ಮನುಷ್ಯ ನಾಳೆ ಒಂದು ಒಳ್ಳೆಯ ಶರ್ಟು ಹಾಕಿದರೆ, ಕಾರ್ಯಕ್ರಮಕ್ಕೆ ಇಷ್ಟು ದುಡ್ಡು ಕೊಡಿ ಅಂತ ಬಾಯಿಬಿಟ್ಟು ಕೇಳಿದರೆ, ‘ಬದಲಾಗಿಬಿಟ್ಟ’ ಅನ್ನುತ್ತಾರೆ. ಆಗಲೂ ಏಕವಚನವೇ.

ಫಿನಾಲೆ ಮುಗಿದ ವಾರ ಒಂದು ಚಾನೆಲ್ಲಿನ ಡೆಸ್ಕಿನಿಂದ ಫೋನ್ ಬಂತು. ಕುರಿಗಾರರ ಬೈಟ್ ಬೇಕು, ‘ನಮ್ಮ ಹುಡುಗ ಗೆದ್ದಿದ್ದು ಖುಷಿಯಾಯಿತು’ ಅಂತ ಹೇಳಿಸಿ, ಫ್ರೇಮಿನಲ್ಲಿ ಕುರಿ ಇರಲಿ, ಕಂಬಳಿ ಇದ್ದರೆ ಇನ್ನೂ ಒಳ್ಳೆಯದು. ನಾವು ಮೂವರು ತಾಲ್ಲೂಕು ವರದಿಗಾರರು ಎರಡು ಬೈಕಿನಲ್ಲಿ ಹೋದೆವು. ಗೋವಿನಜೋಳ ಕಟಾವಾದ ಹೊಲವೊಂದರಲ್ಲಿ ಹಿಂಡು ಇತ್ತು. ಅರವತ್ತು ದಾಟಿದ ಅಜ್ಜ, ಜೊತೆಗೆ ಮೊಮ್ಮಗ. ಅಜ್ಜನಿಗೆ ಹನುಮಂತ ಗೆದ್ದಿದ್ದು ಗೊತ್ತಿತ್ತು, ಮೊಮ್ಮಗ ಮೊಬೈಲಿನಲ್ಲಿ ತೋರಿಸಿದ್ದ. ಕೇಳಿದ್ದನ್ನು ಹೇಳಿದ, “ಚೊಲೋ ಆತ್ರಿ, ನಮ್ಮ ಕಡಿ ಹುಡುಗ.” ಅದು ಹತ್ತು ಸೆಕೆಂಡು. ಮೈಕು ಇನ್ನೂ ಎದುರಿಗೇ ಇತ್ತು, ಅಜ್ಜ ಮುಂದುವರಿಸಿದ.

“ಐವತ್ತು ಲಕ್ಷ ಅಂದ್ರ, ಪೂರಾ ಕೈಗೆ ಕೊಡ್ತಾರೇನ್ರಿ?”

ಇಲ್ಲ, ಇಂಥ ಬಹುಮಾನಕ್ಕೆ ನೂರಕ್ಕೆ ಮೂವತ್ತು ತೆರಿಗೆ ಇದೆ, 15 ಲಕ್ಷ ಮೊದಲೇ ಹಿಡಿದುಕೊಳ್ಳುತ್ತಾರೆ ಅಂದೆವು.

“ಹಂಗಾರ ಮೂವತ್ತೈದು.” ಅಜ್ಜ ಹಿಂಡಿನ ಕಡೆ ನೋಡಿದ. “ಈಗ ಒಂದು ಚೊಲೋ ಕುರಿಗೆ ಹನ್ನೆರಡು ಸಾವಿರ ಹಿಡೀರಿ. ಮುನ್ನೂರಕ್ಕ ಒಂಬತ್ತೋ ಹತ್ತೋ ಕಡಿಮಿ ಬರ್ತಾವ.”

ನಮ್ಮಲ್ಲಿ ಒಬ್ಬರು ಮೊಬೈಲ್ ತೆಗೆದು ಗುಣಿಸಿದರು. 291 ಬಂತು.

“ಅಷ್ಟು ಕುರಿಗೆ ಮೂರು ಆಳು ಬೇಕು. ಜಂತಿನ ಔಷಧಿ, ಕರುಳಬ್ಯಾನಿ ಸೂಜಿ, ಮಳಿಗಾಲಕ್ಕ ಹಟ್ಟಿ. ಅದೆಲ್ಲಾ ಹೊಂದಿಸಬಹುದು. ಮೇಯಸಾಕ ಜಾಗಾ ಎಲ್ಲೈತ್ರಿ? ನಮ್ಮ ಊರ ಗೋಮಾಳದಾಗ ಈಗ ಸೈಟ್ ಬಿದ್ದಾವ. ಇದನ್ನ ಬರಕೊಳ್ರಿ.”

ಬರೆದುಕೊಂಡೆವು, ಬೈಟ್ ಪೂರಾ ಕಳಿಸಿದೆವು. ರಾತ್ರಿ ಬುಲೆಟಿನ್‌ನಲ್ಲಿ ಹತ್ತು ಸೆಕೆಂಡು ಬಂತು, ಹಿಂದೆ ಕುರಿ, ಕೆಳಗೆ ಪಟ್ಟಿ: ‘ಮುಗ್ಧ ಕುರಿಗಾಹಿಗಳ ಸಂಭ್ರಮ’.